ಬಯಲಿನ ಕಾಲು ಬೇರೆ, ಏರಿನ ಕಾಲು ಬೇರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಕ್ರೀಡಾ ಪುಟದಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಕ್ರಿಕೆಟ್ಟಿನ ನಡುವೆ ಈ ಸ್ಪರ್ಧೆಗೂ ಅರ್ಧ ಪುಟ ಸಿಕ್ಕಿದ್ದು ಸಂತೋಷ. ಮೂರು ವಾರದ ಈ ಸ್ಪರ್ಧೆಯಲ್ಲಿ ಒಂದೊಂದು ದಿನದ ಓಟ ಒಂದೊಂದು ಹಂತ; ಎಲ್ಲ ಹಂತಗಳ ಒಟ್ಟು ಸಮಯ ಯಾರದು ಕಡಿಮೆಯೋ ಅವರೇ ಟೂರ್ ಗೆದ್ದವರು. ಆದರೆ ಒಂದು ಸಾಲು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿದೆ. ಬ್ರಿಟನ್ನಿನ ಸ್ಪ್ರಿಂಟರ್, ಅಂದರೆ ಬಯಲಿನ ಕೊನೆಯ ಓಟದಲ್ಲಿ ನುಗ್ಗಿ ಗೆಲ್ಲುವ ಸವಾರ, ಮಾರ್ಕ್ ಕ್ಯಾವೆಂಡಿಶ್ 35 ಹಂತಗಳನ್ನು ಗೆದ್ದರೂ ಒಮ್ಮೆಯೂ ಟೂರ್ ಗೆಲ್ಲದ ‘ಕೊರತೆ’ ಅವರಿಗೆ ಉಳಿದೇಹೋಯಿತಂತೆ. ನಮ್ಮ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಕಿತ್ತರು, ಹೊಡೆದ ರನ್ನು 167. ಅದನ್ನು ನಾವು ನಗುತ್ತಲೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆಯೇ ಹೊರತು ಕೊರತೆಯ ಪಟ್ಟಿಗೆ ಸೇರಿಸುವುದಿಲ್ಲ.

ನಾನು ಮೂವತ್ತೊಂದು ವರ್ಷ ಸೈಕಲ್ಲಿನಲ್ಲಿ ಟಪಾಲು ಹಂಚಿದವನು. ನನ್ನದು ಆಗ ಐವತ್ತಾರು ಕಿಲೋ ಮೈ. ಜೊತೆಗಿದ್ದ ಇನ್ನೊಬ್ಬ ಪೋಸ್ಟ್‌ಮನ್ ಎಂಬತ್ತೈದು ಕಿಲೋದ ಆಳು, ತೊಡೆಗಳು ಹಲಸಿನ ದಿಮ್ಮಿಯಂತೆ. ಮಧ್ಯಾಹ್ನದ ಬಸ್ಸಿಗೆ ಟಪಾಲು ಚೀಲ ಹಾಕಬೇಕಾಗಿತ್ತು. ಬಸ್ಸು ಹಾರ್ನ್ ಹೊಡೆಯುತ್ತಿದ್ದಂತೆ ಆತ ಸೀಟಿನಿಂದ ಎದ್ದು, ಹ್ಯಾಂಡಲ್ಲನ್ನು ಮುರಿಯುವವನಂತೆ ಹಿಡಿದು ತುಳಿದನೆಂದರೆ ಕೊನೆಯ ಫರ್ಲಾಂಗಿನಲ್ಲಿ ನನಗೆ ಕಾಣುತ್ತಿದ್ದುದು ಅವನ ಬೆನ್ನು ಮಾತ್ರ. ಅದೇ ಮನುಷ್ಯ ಊರಾಚೆಯ ದಿಬ್ಬ ಬಂದೊಡನೆ ಇಳಿದು ಸೈಕಲ್ ತಳ್ಳುತ್ತಿದ್ದ. ನಾನು ಮೇಲೆ ಹೋಗಿ, ಮರದ ನೆರಳಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು ಅವನಿಗೆ ಕಾಯುತ್ತಿದ್ದೆ. ನಮ್ಮಿಬ್ಬರಲ್ಲಿ ಯಾರು ದೊಡ್ಡ ಸೈಕಲ್ ಸವಾರ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಯಾವ ರಸ್ತೆಯಲ್ಲಿ ಎಂದು ನಾವೇ ತಿರುಗಿ ಕೇಳುತ್ತಿದ್ದೆವು.

ಬಯಲು ರಸ್ತೆಯಲ್ಲಿ ಸವಾರನ ವೈರಿ ಗಾಳಿ. ಅಲ್ಲಿ ಮೈಭಾರ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ತಂಡದವರ ಬೆನ್ನ ಮರೆಯಲ್ಲಿ ಕೊನೆಯ ಇನ್ನೂರು ಮೀಟರಿನವರೆಗೆ ಬಂದು, ಹತ್ತು ಹದಿನೈದು ಸೆಕೆಂಡುಗಳಲ್ಲಿ ಮೈಯಲ್ಲಿರುವುದನ್ನೆಲ್ಲ ಸುರಿದುಬಿಡಬೇಕು. ಒಳ್ಳೆಯ ಸ್ಪ್ರಿಂಟರ್‌ಗಳು ಆಗ 1,500 ವಾಟ್ ಆಸುಪಾಸಿನ ಶಕ್ತಿ ಹಾಕುತ್ತಾರೆ. ಏರಿನಲ್ಲಿ ವೈರಿಯೇ ಬೇರೆ, ತನ್ನದೇ ತೂಕ. ಆಲ್ಪ್ಸ್‌ನ ಆಲ್ಪ್ ಡ್ಯುಯೆಝ್ 13.8 ಕಿ.ಮೀ. ಉದ್ದದ ಏರು, 21 ಹೇರ್‌ಪಿನ್ ತಿರುವುಗಳು, ಪ್ರತಿ ನೂರು ಮೀಟರಿಗೆ ಸರಾಸರಿ ಎಂಟು ಮೀಟರ್ ಎತ್ತರ. (ಆಗುಂಬೆ ಘಾಟಿಯನ್ನು ಕೆಳಗಿನಿಂದ ಹತ್ತಲು ಹೋಗಿ ಮೂರನೆಯ ತಿರುವಿನಲ್ಲೇ ಇಳಿದವನು ನಾನು, ಆ ಕಥೆ ಇನ್ನೊಮ್ಮೆ.) ಪಿಯುಸಿ ಓದುವ ಮೊಮ್ಮಗಳನ್ನು ಕೂರಿಸಿಕೊಂಡು ಲೆಕ್ಕ ಹಾಕಿಸಿದೆ. ಇಬ್ಬರೂ ಒಂದೇ ಸಮ 400 ವಾಟ್ ಶಕ್ತಿಯಲ್ಲಿ ತುಳಿಯುತ್ತಾರೆ, ಒಬ್ಬನ ತೂಕ ಹತ್ತು ಕಿಲೋ ಹೆಚ್ಚು ಎಂದಿಟ್ಟುಕೊಳ್ಳಿ. ಆ ಹತ್ತು ಕಿಲೋವನ್ನು ಸಾವಿರದ ನೂರು ಮೀಟರ್ ಮೇಲೆ ಎತ್ತುವುದಕ್ಕೇ ನಾಲ್ಕೂವರೆ ನಿಮಿಷ ಬೇಕು. ಟೂರ್‌ನ ಸೋಲು ಗೆಲುವು ಇದಕ್ಕಿಂತ ಕಡಿಮೆ ಅಂತರದಲ್ಲಿ ಎಷ್ಟೋ ಸಲ ತೀರ್ಮಾನವಾಗಿದೆ. ಕೊಲಂಬಿಯಾದ ನೈರೊ ಕಿಂಟಾನಾ ಐವತ್ತೆಂಟು ಕಿಲೋದ ಪುಟ್ಟ ಮನುಷ್ಯ, ಏರಿನಲ್ಲಿ ಹಕ್ಕಿ. ಜರ್ಮನಿಯ ಮಾರ್ಸೆಲ್ ಕಿಟೆಲ್ ಎಂಬತ್ತು ಕಿಲೋ ದಾಟಿದ ಆರಡಿ ಎರಡಂಗುಲದ ಆಳು, ಟೂರ್‌ನಲ್ಲಿ 14 ಹಂತ ಗೆದ್ದವನು. ಇವನ ಕೆಲಸವನ್ನು ಅವನಿಗೆ ವಹಿಸಿದರೆ ಎರಡೂ ಕೆಡುತ್ತವೆ.

ನಿಮ್ಮ ವರದಿಗಾರರು ಬಿಟ್ಟಿರುವ ಇನ್ನೊಂದು ಸಂಗತಿಯಿದೆ. ಬೆಟ್ಟದ ದಿನ ಸ್ಪ್ರಿಂಟರ್‌ಗಳಿಗೆ ರಜೆಯಿಲ್ಲ. ಗೆದ್ದವನು ಮುಟ್ಟಿದ ಮೇಲೆ ಇಂತಿಷ್ಟು ಹೊತ್ತಿನೊಳಗೆ ಮುಟ್ಟದಿದ್ದರೆ ಮರುದಿನ ಮನೆಗೆ. ಅದಕ್ಕೆ ಅವರೆಲ್ಲ ಹಿಂದೆ ಒಂದು ಗುಂಪು ಕಟ್ಟಿಕೊಂಡು, ಗಡಿಯಾರ ನೋಡಿಕೊಳ್ಳುತ್ತ ಬೆಟ್ಟ ದಾಟುತ್ತಾರೆ. 2011ರಲ್ಲಿ ಗಲಿಬಿಯೇ ಏರಿನಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಹೊತ್ತು ಮೀರಿ ಬಂದರು, ಕ್ಯಾವೆಂಡಿಶ್ ಅವರೊಳಗಿದ್ದರು. ಅಷ್ಟೂ ಜನರನ್ನು ಕಳಿಸಿದರೆ ಸ್ಪರ್ಧೆಯಲ್ಲಿ ಯಾರು ಉಳಿಯುತ್ತಾರೆ? ಇಪ್ಪತ್ತು ಅಂಕ ಕತ್ತರಿಸಿ ಉಳಿಸಿಕೊಂಡರು. ಮರುದಿನ ಆಲ್ಪ್ ಡ್ಯುಯೆಝ್‌ನಲ್ಲೂ ಅದೇ ಕಥೆ, ಮತ್ತೆ ಇಪ್ಪತ್ತು ಅಂಕ. ಎರಡು ದಿನ ಬಿಟ್ಟು ಪ್ಯಾರಿಸ್ಸಿನ ಬಯಲಿನಲ್ಲಿ ಹಂತ ಗೆದ್ದು ಆತ, ಅಂಕಗಳಲ್ಲಿ ಮೊದಲಿಗನಿಗೆ ಸಿಗುವ ಹಸಿರು ಅಂಗಿ ತೊಟ್ಟರು.

2024ರ ಮೊದಲ ಹಂತವನ್ನು ಮಗನ ಮೊಬೈಲಿನಲ್ಲಿ ನೋಡಿದೆ. ಇಟಲಿಯ ಸುಡುಬಿಸಿಲು, ಒಂದರ ಹಿಂದೊಂದು ದಿಬ್ಬ. ಮೂವತ್ತೊಂಬತ್ತರ ಕ್ಯಾವೆಂಡಿಶ್ ಸೈಕಲ್ಲಿನ ಮೇಲೆಯೇ ವಾಂತಿ ಮಾಡಿಕೊಳ್ಳುತ್ತಿದ್ದರು. ಅಕ್ಕಪಕ್ಕದಲ್ಲಿ ತಂಡದವರು ಅವರನ್ನು ಬಿಟ್ಟುಹೋಗದೆ, ತಮ್ಮ ಹೊತ್ತನ್ನೂ ಕಳೆದುಕೊಂಡು ಜೊತೆಗೇ ತುಳಿದರು. ಇವರ ಕಥೆ ಮುಗಿಯಿತು ಎಂದು ಮಗ ಫೋನ್ ಕೆಳಗಿಟ್ಟ. ನಾಲ್ಕು ದಿನ ಕಳೆದು ಫ್ರಾನ್ಸಿನ ಸಾಂ ವುಲ್ಬಾದಲ್ಲಿ ಅದೇ ಮನುಷ್ಯ ಎಲ್ಲರನ್ನೂ ಹಿಂದಿಕ್ಕಿ, ಬೆಲ್ಜಿಯಂನ ಹಳೆಯ ದಿಗ್ಗಜ ಎಡ್ಡಿ ಮರ್ಕ್ಸ್‌ನ 34 ಹಂತಗಳ ದಾಖಲೆ ಮುರಿದರು.

ಎರಡನ್ನೂ ಬಲ್ಲವರು ಇಲ್ಲವೇ ಇಲ್ಲ ಎನ್ನಲಾರೆ. ಬೆಲ್ಜಿಯಂನ ವೌಟ್ ವಾನ್ ಆರ್ಟ್ 2021ರ ಒಂದೇ ಟೂರ್‌ನಲ್ಲಿ ಮೋಂ ವಾಂಟೂ ಬೆಟ್ಟವನ್ನು ಎರಡು ಬಾರಿ ಹತ್ತಿಸಿದ ಹಂತವನ್ನೂ ಪ್ಯಾರಿಸ್ಸಿನ ಕೊನೆಯ ಓಟವನ್ನೂ ಗೆದ್ದರು. ಅಂಥವರು ದಶಕಕ್ಕೆ ಒಬ್ಬರು ಹುಟ್ಟಿದರೆ ಹೆಚ್ಚು. ಅವರನ್ನು ಅಳತೆಗೋಲು ಮಾಡಿಕೊಂಡು ಉಳಿದವರಿಗೆ ಕೊರತೆ ಹಚ್ಚಬೇಡಿ.

ಟೂರ್ ನಡೆಯುವ ಜುಲೈನಲ್ಲಿ ನಿತ್ಯ ಒಂದು ಚೌಕ ಮೀಸಲಿಡಿ. ಒಟ್ಟು ಸಮಯದಲ್ಲಿ ಮುಂದಿರುವವರ ಹಳದಿ ಅಂಗಿಯ ಪಟ್ಟಿಯ ಜೊತೆ ಆ ದಿನದ ಹಂತ ಗೆದ್ದವರು, ಹಸಿರು ಅಂಗಿಯವರು, ಬೆಟ್ಟದ ರಾಜನ ಚುಕ್ಕಿ ಅಂಗಿಯವರು, ಮತ್ತು ಆ ಸಂಜೆ ಹೊತ್ತು ಮೀರಿ ಮನೆಗೆ ಹೊರಟವರ ಹೆಸರೂ ಅದರಲ್ಲಿರಲಿ. ಜಾಗ ಸಾಲದಿದ್ದರೆ ರಾಶಿ ಭವಿಷ್ಯವನ್ನು ಒಂದಿಷ್ಟು ಮೊಟಕು ಮಾಡಿ, ನನ್ನ ಅಭ್ಯಂತರವಿಲ್ಲ.

– ನಿವೃತ್ತ ಪೋಸ್ಟ್‌ಮನ್, ತೀರ್ಥಹಳ್ಳಿ