ಕುದುರೆ ಮುಂದೋ ಗೂಳಿ ಮುಂದೋ, ಮೊದಲು ರಸ್ತೆ ಬಿಡಿ

ಮಾನ್ಯ ಸಂಪಾದಕರೇ,

ಕೊಡಗಿನ ಮಡಿಕೇರಿ-ಕುಶಾಲನಗರ ರಸ್ತೆಯ ಏಳನೇ ಹೊಸಕೋಟೆ ಹತ್ತಿರ ಭಾನುವಾರ ಫೆರಾರಿ, ಲ್ಯಾಂಬೋರ್ಗಿನಿ ಅನ್ನೋ ದುಬಾರಿ ಕಾರುಗಳವರು ರಸ್ತೆ ಅಡ್ಡಗಟ್ಟಿ ಮಾಡಿಕೊಂಡ ಜಗಳದ ಬಗ್ಗೆ ನಿಮ್ಮ ಪತ್ರಿಕೆಯ ವರದಿ ಓದಿದೆ. ‘ಕೆಲಕಾಲ ಸಂಚಾರಕ್ಕೆ ಅಡಚಣೆಯಾಯಿತು’ ಅಂತ ಕೊನೆಯಲ್ಲಿ ಒಂದು ಸಾಲು. ಬರೆದವರು ವಾಹನಗಳ ಸಾಲಿನಲ್ಲಿ ನಿಂತಿರಲಿಲ್ಲ ಅಂತ ಕಾಣುತ್ತದೆ. ನಾನು ನಿಂತಿದ್ದೆ.

ಕೆದಕಲ್‌ನಿಂದ ಕುಶಾಲನಗರಕ್ಕೆ ಹೊರಟಿದ್ದೆ. ಅಮ್ಮನಿಗೆ ಶುಗರ್. ಬರಿಹೊಟ್ಟೆಯಲ್ಲಿ ರಕ್ತ ಕೊಡಬೇಕು, ಹಾಗಾಗಿ ಬೆಳಗ್ಗೆ ಒಂದು ತೊಟ್ಟು ಕಾಫಿಯೂ ಕುಡಿದಿರಲಿಲ್ಲ. ಅಲ್ಲಿಂದ ಕೂಡಿಗೆಯಲ್ಲಿ ತಂಗಿ ಮನೆಯ ಗೃಹಪ್ರವೇಶ. ನಾವು ಹೋಗುವಷ್ಟರಲ್ಲಿ ಲ್ಯಾಬಿನ ಬಾಗಿಲು ಹಾಕಿತ್ತು, ಗೃಹಪ್ರವೇಶದ ಮುಹೂರ್ತ ಮುಗಿದಿತ್ತು, ಜೀಪಿನ ಹಿಂದೆ ಇಟ್ಟಿದ್ದ ಹೂವು ಬಾಡಿತ್ತು. ತಂಗಿ ಇವತ್ತಿಗೂ ಸರಿಯಾಗಿ ಮಾತಾಡುತ್ತಿಲ್ಲ. ಇದು ನಿಮ್ಮ ‘ಕೆಲಕಾಲ’.

ಜಗಳ ಶುರುವಾದದ್ದು ಒಂದು ಹಂಪ್‌ನಿಂದ. ಗೂಳಿ ಗುರುತಿನ ಲ್ಯಾಂಬೋರ್ಗಿನಿ ಹಂಪ್ ಹತ್ತಬೇಕಾದರೆ ಅಡ್ಡಡ್ಡ ತಿರುಗಿಸಿ ಇಂಚು ಇಂಚಾಗಿ ಹತ್ತಬೇಕು, ಇಲ್ಲದಿದ್ದರೆ ಮೂತಿ ಉಜ್ಜುತ್ತದೆ. ಹಾಗೆ ಅಡ್ಡ ತಿರುಗಿದಾಗ ಎರಡೂ ಕಡೆಯ ರಸ್ತೆ ಬಂದ್. ಹಿಂದೆ ಕುದುರೆ ಗುರುತಿನ ಫೆರಾರಿಯವರು. ಅವರದೂ ಅಷ್ಟೇ ತಗ್ಗು, ಅವರೂ ಹಾಗೇ ಹತ್ತಬೇಕು. ಆದರೂ ಹಾರ್ನ್ ಹೊಡೆದು, ‘ಟ್ರ್ಯಾಕ್ಟರ್ ಪಕ್ಕಕ್ಕೆ ಹಾಕೋ’ ಅಂತ ಒಬ್ಬ ಕೂಗಿದ. ಮುಗಿಯಿತು. ಬಾಗಿಲು ಮೇಲಕ್ಕೆದ್ದವು, ಜನ ಕೆಳಗಿಳಿದರು. ಜತೆಗೆ ಬಂದಿದ್ದ ಒಂದು ಪೋರ್ಷೆ ಇತ್ತು. ಅದರ ಲಾಂಛನದಲ್ಲೂ ಕುದುರೆಯೇ ಇದೆಯಂತೆ. ಅದರ ಮಾಲೀಕರು ಮಾತ್ರ ಯಾರ ಪಕ್ಷವೂ ಇಲ್ಲದೆ ಆರಾಮಾಗಿ ವಿಡಿಯೊ ಮಾಡುತ್ತಿದ್ದರು.

ಟ್ರ್ಯಾಕ್ಟರ್ ಅಂದರೆ ಅಷ್ಟು ಸಿಟ್ಟು ಯಾಕೆ ಅಂತ ಅಕ್ಕನ ಮಗ ವಿವರಿಸಿದ. ಇಟಲಿಯ ಫೆರುಚ್ಚೊ ಲ್ಯಾಂಬೋರ್ಗಿನಿ ಮೊದಲು ಟ್ರ್ಯಾಕ್ಟರ್ ಮಾಡುತ್ತಿದ್ದವರಂತೆ. ತಮ್ಮ ಫೆರಾರಿಯ ಕ್ಲಚ್ ಸರಿ ಇಲ್ಲ ಅಂತ ಎಂಜೊ ಫೆರಾರಿಯವರಿಗೆ ಹೇಳಿದಾಗ, ನೀನು ಟ್ರ್ಯಾಕ್ಟರ್ ನೋಡಿಕೋ ಅಂತ ಉತ್ತರ ಬಂತು ಅನ್ನೋದು ಎಲ್ಲರೂ ಹೇಳುವ ಕಥೆ. ಆ ಮನುಷ್ಯ 1963ರಲ್ಲಿ ತಾನೇ ಕಾರು ಕಂಪನಿ ಶುರು ಮಾಡಿದರು. ಸರಿ, ಜಗಳಕ್ಕೊಂದು ಅರ್ಥ ಇತ್ತು. ನಮ್ಮ ರಸ್ತೆಯಲ್ಲಿ ಕೈ ಕೈ ಮಿಲಾಯಿಸಿದವರು ಏನು ಮಾಡಿದ್ದಾರೆ? ದುಡ್ಡು ಕೊಟ್ಟು ತಂದಿದ್ದಾರೆ, ಅಷ್ಟೇ. ಅಂದ ಹಾಗೆ ನಮ್ಮ ಕಡೆ ಟ್ರ್ಯಾಕ್ಟರ್ ಬೈಗುಳ ಅಲ್ಲ. ಮಳೆಗಾಲದಲ್ಲಿ ಇಂಥವರ ಕಾರು ಹೋಂಸ್ಟೇ ದಾರಿಯ ಕೆಸರಲ್ಲಿ ಹೂತರೆ ಎಳೆಯುವುದು ಅದೇ.

ಅಮ್ಮ ಜೀಪಿನಿಂದ ಇಳಿದು ಹೋಗಿ ಒಬ್ಬನನ್ನು ಕೇಳಿದರು, ‘ಅಷ್ಟು ತಗ್ಗಲ್ಲಿ ಕೂತರೆ ಸೊಂಟ ನೋಯಲ್ವಾ ಮಗ?’ ಅಂತ. ಉತ್ತರ ಬರಲಿಲ್ಲ.

ನಾನು ವೇಗದ ವಿರೋಧಿ ಅಲ್ಲ. ಕೊಡಗಿನ ಹುಡುಗರಿಗೆ ರ‍್ಯಾಲಿ ಹುಚ್ಚು ಇರುವುದು ಎಲ್ಲರಿಗೂ ಗೊತ್ತು. ಅವರು ತೋಟದ ದಾರಿಯಲ್ಲಿ, ಅನುಮತಿ ತೆಗೆದುಕೊಂಡು, ಹೆಲ್ಮೆಟ್ ಹಾಕಿ ಓಡಿಸುತ್ತಾರೆ. ಇವರದ್ದು ಆನೆಕಾಡಿನಲ್ಲಿ, ಆನೆ ದಾಟುವ ಜಾಗದಲ್ಲಿ, ಯಾರ ಸೈಲೆನ್ಸರ್ ಜಾಸ್ತಿ ಕೂಗುತ್ತದೆ ಅನ್ನೋ ಸ್ಪರ್ಧೆ. ಆ ಹೊತ್ತಿಗೆ ಆಂಬುಲೆನ್ಸ್ ಬರಲಿಲ್ಲ, ಯಾರದೋ ಪುಣ್ಯ. ರೈಲಿಲ್ಲದ ಜಿಲ್ಲೆ ನಮ್ಮದು. ಮಡಿಕೇರಿಯಿಂದ ಮೈಸೂರಿಗೆ ಕಳಿಸುವ ರೋಗಿಗಳು ಇದೇ ರಸ್ತೆಯಲ್ಲಿ ಹೋಗಬೇಕು.

ಪೊಲೀಸರು ಬಂದರು. ‘ಬುದ್ಧಿ ಹೇಳಿ ಕಳಿಸಲಾಯಿತು’ ಅಂತ ನೀವೇ ಬರೆದಿದ್ದೀರಿ. ಬಹಳ ಸಂತೋಷ. ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿ ದಂಡ. ಆ ದುಡ್ಡಿಗೆ ಅವರ ಟ್ಯಾಂಕ್ ಕೂಡ ತುಂಬಲಿಕ್ಕಿಲ್ಲ. ಅದನ್ನೂ ಹಾಕಲಿಲ್ಲ. ಹೋದ ಸಂತೆ ದಿನ ಸೀಟ್ ಬೆಲ್ಟ್ ಇಲ್ಲ ಅಂತ ನನ್ನಿಂದ 500 ರೂಪಾಯಿ ಕಿತ್ತುಕೊಂಡಾಗ ಯಾರೂ ಬುದ್ಧಿ ಹೇಳಿ ಕಳಿಸಲಿಲ್ಲ! ಕೈ ಮಾಡಿದರೆ ನಿಲ್ಲುವುದು ನಮ್ಮ ಹಳೇ ಜೀಪು ಮಾತ್ರ ಅಲ್ವಾ.

ಮನಸ್ಸಿದ್ದರೆ ಎಲ್ಲ ಆಗುತ್ತದೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ಸಾರಿಗೆ ಇಲಾಖೆ 1.41 ಕೋಟಿ ರೂಪಾಯಿ ತೆರಿಗೆ ವಸೂಲಿ ಮಾಡಿತು. ನಮ್ಮ ಜಿಲ್ಲೆಯಲ್ಲೂ ಮಳೆ ಬಂದರೆ ಮರಳು, ಮರದ ಲಾರಿಗೆ ನಿಷೇಧ ಅಂತ ಆದೇಶ ಹೊರಡುತ್ತದೆ. ಈ ಸದ್ದಿನ ಗಾಡಿಗಳಿಗೆ ಆದೇಶ ಬರೆಯಲು ಪೆನ್ನಿಗೆ ಶಾಯಿ ಇಲ್ಲವೇ?

ಇನ್ನು ಆ ಹಂಪ್. ಅದಕ್ಕೆ ಬಣ್ಣ ಬಳಿಯಿರಿ ಅಂತ ಊರಿನವರು ಅರ್ಜಿ ಕೊಟ್ಟು ಕೊಟ್ಟು ಸುಸ್ತಾಗಿದ್ದೇವೆ. ರಾತ್ರಿ ಬೈಕಿನವರು ಹಾರಿ ಬೀಳುತ್ತಾರೆ. ಚರಂಡಿಯದ್ದೂ ಅದೇ ಕತೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ರಸ್ತೆಯೇ ಹೋಯಿತಲ್ಲ, ಆಗ ಬಂದು ಫೋಟೊ ತೆಗೆಸಿಕೊಂಡ ಸಾಹೇಬರುಗಳು ಈಗ ಎಲ್ಲಿದ್ದಾರೋ. ಒಂದು ಸಹಿಗೆ ಹೋದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಿ’. ಯಾವಾಗ ನೋಡಿದರೂ ಮೀಟಿಂಗ್.

ಈ ಕಾರುಗಳನ್ನು ಕುಶಾಲನಗರದ ಸೇತುವೆ ಹತ್ತಿರವೇ ತಡೆದು ವಾಪಸ್ ಕಳಿಸಿ. ಆಗದಿದ್ದರೆ ರಸ್ತೆಯನ್ನಾದರೂ ಸರಿ ಮಾಡಿ, ಬಂದಷ್ಟೇ ಬೇಗ ಹೋಗಲಿ. ಎರಡೂ ಆಗದು ಅನ್ನುವ ಅಧಿಕಾರಿಗಳು ಬರುವ ಭಾನುವಾರ ತಿಂಡಿ ಕಾಫಿ ಏನೂ ಮುಟ್ಟದೆ ಬಂದು ನನ್ನ ಜೀಪಿನ ಹಿಂದಿನ ಸೀಟಿನಲ್ಲಿ ಕೂರಲಿ. ಎಸಿ ಇಲ್ಲ, ಮೊದಲೇ ಹೇಳಿರುತ್ತೇನೆ.

ಇತಿ,
ನಿಮ್ಮ ಕಾಯಂ ಓದುಗ,
ಕೆದಕಲ್