ಮದುವೆಗೆ ಬಂದ ಚಿಕ್ಕಪ್ಪ

ಪುಟ್ಟೀ,

ಫೋನು ಕಟ್ ಮಾಡಿದ ಮೇಲೆ ನೀನು ಪೆರುವಿನ ಕುಸ್ಕೋದಿಂದ ಕಳಿಸಿದ ಹಳೇ ಮದುವೆ ಚಿತ್ರ ನೋಡಿದೆ. ಕೆಳಗೆ ಒಂದೇ ಸಾಲು: "ಇವಳನ್ನೂ ಯಾರೂ ಕೇಳಲಿಲ್ಲ, ಅಪ್ಪ." ಮೊದಲ ದಿನ ಸಿಟ್ಟೇ ಬಂತು. ಮೂರನೇ ದಿನ ಜೆರಾಕ್ಸ್ ಅಂಗಡಿಗೆ ಹೋಗಿ ದೊಡ್ಡ ಹಾಳೆಯಲ್ಲಿ ಪ್ರಿಂಟು ಹಾಕಿಸಿದೆ. ಈಗ ಊಟದ ಮೇಜಿನ ಮೇಲಿದೆ, ಸುರುಳಿ ಸುತ್ತದಂತೆ ಒಂದು ಮೂಲೆಗೆ ಉಪ್ಪಿನಕಾಯಿ ಭರಣಿ ಇಟ್ಟಿದ್ದೇನೆ.

ಆಸ್ಪತ್ರೆಯ ದಿನಗಳನ್ನು ಮತ್ತೆ ಬರೆಯೋದಿಲ್ಲ. ಯಾರು ದುಡ್ಡು ಕೊಟ್ಟರು, ನಿನ್ನಮ್ಮ ಏನಂದಳು, ನಿನಗೆ ಗೊತ್ತು.

ಮೂವತ್ತೊಂದು ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಓದಿದವನು ನಾನು. ನೀನು ಮದುಮಗಳು ಬಿಯಾಟ್ರಿಸ್‌ಳನ್ನು ನೋಡಿದೆ, ನನ್ನ ಕಣ್ಣು ಸಾಕ್ಷಿಗಳ ಕಡೆ ಹೋಯಿತು. ಎಡಗಡೆ ಮೇಲೆ, ಸ್ಪೇನಿನವರು ಬರುವ ಮುಂಚೆ ಪೆರು ಆಳುತ್ತಿದ್ದ ಇಂಕಾ ಅರಸುಮನೆಯವರು ಕೂತಿದ್ದಾರಲ್ಲ. ಅಲ್ಲಿ ಬಿಯಾಟ್ರಿಸ್‌ಳ ಅಪ್ಪ ಸಾಯ್ರಿ ಟುಪಾಕ್, 1558ರಲ್ಲಿ ದೀಕ್ಷಾಸ್ನಾನ ಪಡೆದು ಡಿಯೆಗೊ ಆದವನು. ಮದುವೆ ಹೊತ್ತಿಗೆ ಬದುಕಿರಲಿಲ್ಲ. ಜೊತೆಗೆ ಚಿಕ್ಕಪ್ಪ ಟುಪಾಕ್ ಅಮಾರು. ಅವನನ್ನು ಕಾಡಿನಲ್ಲಿ ಹಿಡಿದು ತಂದವನೇ ಮದುಮಗ, ಮಾರ್ಟಿನ್ ಗಾರ್ಸಿಯಾ ದೆ ಲೊಯೋಲಾ. 1572ರಲ್ಲಿ ಸ್ಪೇನಿನವರು ಅವನನ್ನು ಮತಾಂತರ ಮಾಡಿಸಿ, ಅದೇ ಕುಸ್ಕೋದ ಚೌಕದಲ್ಲಿ ತಲೆ ಕಡಿದರು. ಹಿಡಿದದ್ದಕ್ಕೆ ಇನಾಮು ಈ ಹುಡುಗಿ, ಅವಳ ಹೆಸರಿನಲ್ಲಿದ್ದ ಯುಕಾಯ್ ಕಣಿವೆಯ ಆಸ್ತಿ ಸಮೇತ. ಕೊಟ್ಟವನು ಸ್ಪೇನ್ ರಾಜನ ವೈಸರಾಯ್ ಟೊಲೆಡೊ.

ತಲೆ ಕಡಿಸಿಕೊಂಡವನು ಮದುವೆಗೆ ಬಂದು ಕೂತಿದ್ದಾನೆ ಪುಟ್ಟೀ! ಮಧ್ಯೆ ನಿಂತ ಸಂತ ಇಗ್ನೇಷಿಯಸ್ ಕೂಡ 1556ರಲ್ಲೇ ತೀರಿಕೊಂಡವರು. ಮದುಮಗ ಅವರ ವಂಶದವನು, ಅದಕ್ಕೇ ನೂರು ವರ್ಷದ ಮೇಲೆ ಜೆಸ್ಯೂಟರು, ಅಂದರೆ ಇಗ್ನೇಷಿಯಸ್ ಕಟ್ಟಿದ ಪಾದ್ರಿಗಳ ಸಂಘದವರು, ತಮ್ಮ ಚರ್ಚಿನಲ್ಲಿ ಈ ಚಿತ್ರ ತೂಗುಹಾಕಿದ್ದು. ಇಂಕಾಗಳೂ ನಾವೂ ಬೀಗರು ಅಂತ. ಹೆಣಗಳ ಕೈಲಿ ಸಹಿ ಹಾಕಿಸಿದ ಪತ್ರ ಇದು. ನನ್ನ ಮೇಜಿಗೆ ಬಂದಿದ್ದರೆ ಒಳಗೇ ಬಿಡುತ್ತಿರಲಿಲ್ಲ.

ಹಾಗಂದುಕೊಂಡು ಅನ್ನ ಕಲಸುತ್ತಿದ್ದೆ, ಕೈ ನಿಂತಿತು. ದುಡ್ಡು ಕೊಟ್ಟವರ ಮನೆ ಜಗಲಿಯಲ್ಲಿ ಕೂತು, ನಿನ್ನ ಮದುವೆಗೆ ಮಾತು ಕೊಡುವಾಗ ನಾನು ಹೇಳಿದ್ದೇನು? "ಅವಳಿದ್ದಿದ್ದರೆ ಅವಳೂ ಒಪ್ಪುತ್ತಿದ್ದಳು." ಸತ್ತ ನಿನ್ನಮ್ಮನನ್ನು ನಾನೂ ಕರೆತಂದು ಕೂರಿಸಿದೆ.

ಆದರೆ ಒಂದು ಮಾತು. ಆ ಹುಡುಗ ಲೊಯೋಲಾ ಅಲ್ಲ, ಒಳ್ಳೆಯವನು, ಬ್ಯಾಂಕಿನಲ್ಲಿದ್ದಾನೆ. ಸಾಲಕ್ಕೂ ಋಣಕ್ಕೂ ವ್ಯತ್ಯಾಸ ಇದೆ, ನಿನ್ನ ಕಾಲದವರಿಗೆ ಅದು ತಿಳಿಯುವುದಿಲ್ಲ, ಎಲ್ಲದಕ್ಕೂ ಹಕ್ಕು ಅಂತೀರಿ, ಮನೆತನ ಅಂದರೆ... ನೋಡು, ಮತ್ತೆ ಶುರು ಮಾಡಿದೆ. ಹೊಡೆದುಹಾಕೋಣ ಅಂದುಕೊಂಡೆ, ಇರಲಿ. ಇಂಥ ಅಪ್ಪ ನಾನು.

ಹಳೇ ಚಿತ್ರಗಳ ಬಣ್ಣ ಉಳಿಸೋ ಕೆಲಸಕ್ಕೆ ಮಗಳು ಪೆರುವಿಗೆ ಹೋಗಿದ್ದಾಳೆ ಅಂತ ಹಾಲಿನವನಿಗೂ ಹೇಳಿದ್ದೇನೆ. ಅಲ್ಲಿ 3,400 ಮೀಟರ್ ಎತ್ತರವಂತೆ. ಮೆಟ್ಟಿಲು ನಿಧಾನ ಹತ್ತು. ಬಿಸಿನೀರು ಕುಡಿ.

ಪಿಂಚಣಿ ಬಾಕಿ ಬಂದಿದೆ. ಭಾನುವಾರ ಅವರ ಮನೆಗೆ ಹೋಗುತ್ತೇನೆ, ದುಡ್ಡು ತಗೊಂಡು. ಕೊಟ್ಟ ಮಾತು ವಾಪಸ್ ತಗೊಳ್ಳೋದು ಹೇಗೆ ಅಂತ ಇನ್ನೂ ಹೊಳೆದಿಲ್ಲ.

ಬಿಯಾಟ್ರಿಸ್ ಯಾವ ಕಡೆ ನೋಡುತ್ತಿದ್ದಾಳೆ, ಹತ್ತಿರದಿಂದ ನೋಡಿ ಹೇಳು. ನನ್ನ ಹಾಳೆಯಲ್ಲಿ ಅವಳ ಕಣ್ಣಿನ ಮೇಲೆ ಮಸಿ ಕೂತಿದೆ.

ನಿನ್ನ
ಅಪ್ಪ