ಆ ಕಂಠ ಯಾರದೆಂದು ಕೇಳಿ ತಿಳಿದುಕೋ

ಚಿ. ಪುಟ್ಟನಿಗೆ ನಿನ್ನ ದೊಡ್ಡಪ್ಪನು ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮವಾಗಿದ್ದೇವೆ.

ನೀನು ಕಳುಹಿಸಿದ ಹಾಡನ್ನು ನಾಲ್ಕು ಸಲ ಕೇಳಿದೆ. ಲಯದ ಕೆಲಸ ಅಚ್ಚುಕಟ್ಟಾಗಿದೆ. ನಲವತ್ತು ವರ್ಷ ಮೃದಂಗ ಹೇಳಿಕೊಟ್ಟ ನನಗೆ ಅದರಲ್ಲಿ ತಿದ್ದಬೇಕಾದದ್ದು ಕಾಣಲಿಲ್ಲ. ಆದರೆ ಎರಡನೆಯ ಚರಣದ ಹಿಂದೆ ಗಂಡಸರ ಮೇಳವೊಂದು ಹಾಡುತ್ತದಲ್ಲ, ಅದು ಯಾರದೆಂದು ನಾನು ಫೋನಿನಲ್ಲಿ ಕೇಳಿದಾಗ, "ಯಾವುದೋ ಆಫ್ರಿಕನ್ ಜಾನಪದ, ದೊಡ್ಡಪ್ಪ, ಇಂಟರ್ನೆಟ್ಟಿನಲ್ಲಿ ಸಿಕ್ಕಿತು" ಎಂದೆ. ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಏಕೆಂದರೆ ಸರಿಯಾಗಿ ಇದೇ ಮಾತಿನಿಂದ ಒಬ್ಬ ಮನುಷ್ಯನ ಬದುಕೇ ಕೈತಪ್ಪಿಹೋದ ಕತೆಯನ್ನು ನಾನು ಬಲ್ಲೆ.

ಆತನ ಹೆಸರು ಸಾಲೊಮನ್ ಲಿಂಡಾ. ದಕ್ಷಿಣ ಆಫ್ರಿಕಾದ ಜುಲು ಸೀಮೆಯಲ್ಲಿ ದನ ಕಾಯುತ್ತ ಬೆಳೆದು, ದುಡಿಮೆಗಾಗಿ ಜೋಹಾನ್ಸ್‌ಬರ್ಗಿಗೆ ಬಂದವರು. 1939ರಲ್ಲಿ ತಮ್ಮ ಮೇಳದೊಂದಿಗೆ ಗ್ಯಾಲೊ ಕಂಪನಿಯ ಸ್ಟುಡಿಯೋದಲ್ಲಿ 'ಎಂಬೂಬೆ', ಎಂದರೆ ಸಿಂಹ, ಎಂಬ ಹಾಡನ್ನು ಹಾಡಿದರು. ಮಂದ್ರದಲ್ಲಿ ಹಲವು ಕಂಠಗಳು ಒಂದೇ ಮಾತನ್ನು ಬಿಡದೆ ತಿರುಗಿಸುತ್ತಿರಲು, ಅವುಗಳ ಮೇಲೆ ಲಿಂಡಾ ತೆಳುವಾದ, ಬಹಳ ಎತ್ತರದ ದನಿಯಲ್ಲಿ ತೇಲಿಹೋಗುತ್ತಾರೆ. ನಮ್ಮ ಸಂಪ್ರದಾಯದಲ್ಲಿ ಅದನ್ನು ಕಳ್ಳದನಿಯೆಂದು ಹಳಿಯುತ್ತೇವೆ. ಅಲ್ಲಿ ಅದು ಮೇಳದ ಮುಂದಾಳಿನ ವಿದ್ಯೆ, ಮತ್ತು ಆ ಹಾಡನ್ನು ಕೇಳಿದ ಮೇಲೆ ನಮ್ಮ ಹಳಿಕೆ ಎಲ್ಲ ಕಡೆಗೂ ಸಲ್ಲದೆಂದು ನನಗೆ ಮನವರಿಕೆಯಾಗಿದೆ. ಮೂರನೆಯ ಸಲ ಹಾಡುವಾಗ, ಮುಗಿಯುವ ಹೊತ್ತಿಗೆ, ಮೊದಲೇ ಕಟ್ಟಿರದ ಒಂದು ಸಾಲು ಅವರ ಬಾಯಿಂದ ತಾನಾಗಿ ಹೊರಟಿತು. ಜಗತ್ತು ಇಂದು ಗುನುಗುವುದು ಆ ಸಾಲನ್ನೇ.

ರೆಕಾರ್ಡು ಸುಮಾರು 1 ಲಕ್ಷ ಪ್ರತಿ ಮಾರಾಟವಾಯಿತು. ಲಿಂಡಾ ಅದೇ ಕಂಪನಿಯಲ್ಲಿ ರೆಕಾರ್ಡುಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸದಲ್ಲಿದ್ದರು. ಹಾಡಿನ ಹಕ್ಕು 10 ಶಿಲ್ಲಿಂಗಿಗೆ ಕೈಬಿಟ್ಟಿತು. ಅದರ ಒಂದು ಪ್ರತಿ ಅಮೆರಿಕದ ಜಾನಪದ ಗಾಯಕ ಪೀಟ್ ಸೀಗರ್ ಅವರಿಗೆ ಸಿಕ್ಕಿ, 1950ರ ದಶಕದ ಮೊದಲಲ್ಲಿ ಅವರ ತಂಡ ಅದನ್ನು ಹಾಡಿದಾಗ, 'ಉಯಿಂಬೂಬೆ' ಎಂಬ ಜುಲು ನುಡಿ ಅವರ ಕಿವಿಗೆ ಕೇಳಿಸಿದಂತೆ 'ವಿಮೋವೆ' ಆಯಿತು. ರಚನಕಾರನ ಜಾಗದಲ್ಲಿ ಪಾಲ್ ಕ್ಯಾಂಪ್‌ಬೆಲ್ ಎಂದು ಅಚ್ಚಾಯಿತು. ಅಂಥ ಮನುಷ್ಯನೇ ಇರಲಿಲ್ಲ, ಪುಟ್ಟ. ಜಾನಪದವೆಂದು ಎಣಿಸಿದ ಹಾಡುಗಳಿಗೆ ಆ ತಂಡದವರು ಹಾಕುತ್ತಿದ್ದ ಕಲ್ಪಿತ ಹೆಸರು ಅದು. ಕಟ್ಟಿದವರು ಬದುಕಿದ್ದಾರೆಂದು ತಿಳಿದ ಮೇಲೆ ಸೀಗರ್ ತಾವಾಗಿ 1000 ಡಾಲರ್ ಕಳುಹಿಸಿ, ಮುಂದಿನ ಹಣವೂ ಅವರಿಗೇ ಸಲ್ಲಬೇಕೆಂದು ಪ್ರಕಾಶಕರಿಗೆ ಹೇಳಿದರು. ಆದರೆ ಬಾಯಿಮಾತಿನ ಸದ್ಭಾವ ಲೆಕ್ಕದ ಪುಸ್ತಕಕ್ಕೆ ಸರಿಯಾಗಿ ಇಳಿಯಲಿಲ್ಲ. 1961ರಲ್ಲಿ ಇಂಗ್ಲಿಷ್ ಸಾಹಿತ್ಯ ತೊಟ್ಟು ಬಂದ ಅದೇ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ ಲಿಂಡಾ ಬಡತನದಲ್ಲೇ ತೀರಿಕೊಂಡರು. ಅವರ ಸಮಾಧಿಗೆ ಒಂದು ಕಲ್ಲು ನಿಲ್ಲಿಸಲು ಹದಿನೆಂಟು ವರ್ಷ ಹಿಡಿಯಿತು.

1994ರಲ್ಲಿ ಡಿಸ್ನಿಯ ಸಿಂಹದ ಚಿತ್ರದಲ್ಲಿಯೂ ಆ ಹಾಡು ಬಂತು. ಕೃತಿಕಾರ ತೀರಿಕೊಂಡು 25 ವರ್ಷವಾದ ಮೇಲೆ ಹಕ್ಕು ವಾರಸುದಾರರಿಗೆ ಮರಳುತ್ತದೆಂಬ, 1911ರ ಬ್ರಿಟಿಷ್ ಸಾಮ್ರಾಜ್ಯದ ಕೃತಿಸ್ವಾಮ್ಯ ಕಾಯಿದೆಯ ಒಂದು ಹಳೆಯ ಕಲಮನ್ನು ಹಿಡಿದು ಲಿಂಡಾ ಅವರ ಹೆಣ್ಣುಮಕ್ಕಳು 2004ರಲ್ಲಿ ದಾವೆ ಹೂಡಿದರು. 2006ರಲ್ಲಿ ರಾಜಿಯಾಗಿ ಅವರಿಗೆ ಹಣವೂ ತಂದೆಗೆ ಹೆಸರೂ ಬಂದವು. ತಂದೆ ಹೋಗಿ ನಲವತ್ತನಾಲ್ಕು ವರ್ಷವಾಗಿತ್ತು.

ನನಗೆ ಇದು ಇಷ್ಟು ನಾಟುವುದಕ್ಕೆ ಸ್ವಂತದ ಕಾರಣವೂ ಉಂಟು. ಕ್ಯಾಸೆಟ್ಟುಗಳ ಕಾಲದಲ್ಲಿ ನಾನು ಕಟ್ಟಿದ ಒಂದು ತನಿಯನ್ನು, ಎಂದರೆ ಮೃದಂಗ ಒಂದನ್ನೇ ನುಡಿಸುವ ಭಾಗವನ್ನು, ಒಬ್ಬರ ಭಕ್ತಿಗೀತೆಗಳ ಧ್ವನಿಸುರುಳಿಗೆ ನುಡಿಸಿಕೊಟ್ಟು, ಓದದೆಯೇ ಒಂದು ಕಾಗದಕ್ಕೆ ಸಹಿ ಹಾಕಿದ್ದೆ. ಅದು ಇಂದಿಗೂ ದೇವಸ್ಥಾನದ ಮೈಕುಗಳಲ್ಲಿ ಕೇಳಿಸುತ್ತದೆ. ಅದರ ಮೇಲೆ ನನ್ನ ಹೆಸರಿಲ್ಲ. ದುಡ್ಡಿಗಿಂತ ಹೆಸರಿಲ್ಲದ್ದೇ ನೋಯುತ್ತದೆ.

ಇದು ಒಂದೇ ಹಾಡಿನ ಕತೆಯೂ ಅಲ್ಲ. ಆಫ್ರಿಕಾದ ಕ್ಯಾಮರೂನ್ ದೇಶದ ಸಂಗೀತಗಾರ ಮನು ದಿಬಾಂಗೊ 1972ರಲ್ಲಿ ತಮ್ಮ ಭಾಷೆಯ 'ಮಕೋಸ' ಎಂಬ ಕುಣಿತದ ಹೆಸರನ್ನು ತಿರುತಿರುಗಿಸಿ ಹಾಡಿದ ಮಾತು ಹತ್ತು ವರ್ಷದ ತರುವಾಯ ಮೈಕೆಲ್ ಜಾಕ್ಸನ್ ಅವರ ಹಾಡಿಗೂ ಅಲ್ಲಿಂದ ರಿಹಾನಾ ಅವರ ಹಾಡಿಗೂ ಹೋಯಿತು, ಮತ್ತು ದಿಬಾಂಗೊ ನ್ಯಾಯಕ್ಕಾಗಿ ವಕೀಲರನ್ನು ಹಿಡಿಯಬೇಕಾಯಿತು.

ಈಗ ಕಾಲ ಬದಲಾಗಿದೆಯೆಂದು ನೀನು ಹೇಳಬಹುದು. ನಿಜವೇ. ನೀನು ಮೆಚ್ಚುವ ಅಮಾಪಿಯಾನೋ ಎಂಬ ಕುಣಿತದ ಸಂಗೀತ ಅದೇ ಜೋಹಾನ್ಸ್‌ಬರ್ಗ್, ಪ್ರಿಟೋರಿಯಾಗಳ ಸುತ್ತಲಿನ ಬಡಾವಣೆಗಳಲ್ಲಿ ಹುಟ್ಟಿ ತನ್ನ ಹೆಸರಿನಿಂದಲೇ ಲೋಕ ಸುತ್ತುತ್ತಿದೆ. ಆಫ್ರಿಕನ್ ಸಂಗೀತಕ್ಕೆಂದೇ 2024ರಲ್ಲಿ ಗ್ರ್ಯಾಮಿ ತೆರೆದ ವಿಭಾಗದ ಮೊದಲ ಪ್ರಶಸ್ತಿಯನ್ನು ಜೋಹಾನ್ಸ್‌ಬರ್ಗಿನ ಟೈಲಾ ಪಡೆದರು. ಆದ್ದರಿಂದಲೇ ನಿನ್ನ ಉತ್ತರ ನನಗೆ ಇನ್ನಷ್ಟು ಸಮ್ಮತವಾಗುವುದಿಲ್ಲ. ಸೀಗರ್ ಅವರ ಕಾಲದಲ್ಲಿ ಹಾಡಿದವರನ್ನು ಹುಡುಕಲು ಸಮುದ್ರ ದಾಟಿ ಕಾಗದ ಬರೆಯಬೇಕಿತ್ತು. ನಿನಗೆ ಒಂದು ಸಂಜೆ ಸಾಕು.

ಹೀಗೆ ಮಾಡು. ಆ ಧ್ವನಿ ಎಲ್ಲಿಂದ ಬಂತೋ ಅಲ್ಲಿಗೆ ಹಿಂದಿರುಗಿ, ಮೇಳ ಯಾವುದು, ಭಾಷೆ ಯಾವುದು, ಆ ಮಾತಿನ ಅರ್ಥವೇನು ಎಂಬುದನ್ನು ಪತ್ತೆಹಚ್ಚು. ಸಾವಿನ ಮನೆಯ ಹಾಡನ್ನು ಜಾಹೀರಾತಿಗೆ ಹಾಕಿದಂತಾಗಬಾರದು. ಹಕ್ಕು ಯಾರ ಕೈಯಲ್ಲಿದೆಯೋ ಅವರಿಗೆ ಬರೆದು ಒಪ್ಪಿಗೆಯನ್ನು ಕಾಗದದ ಮೇಲೆಯೇ ಪಡೆ. ಒಪ್ಪದಿದ್ದರೆ ಆ ಭಾಗವನ್ನು ತೆಗೆದುಬಿಡು. ನಿನ್ನ ಲಯ ಅದಿಲ್ಲದೆಯೂ ನಿಲ್ಲುತ್ತದೆ. ಆಫ್ರಿಕಾ ಮೂಲದ ನಾದವೇ ಬೇಕೆಂದಿದ್ದರೆ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನರ ದಮಾಮಿ ಎಂಬ ವಾದ್ಯದ ಹಾಡು-ಕುಣಿತ ಇದೆ. ಅವರ ಪೂರ್ವಿಕರು ಆ ನೆಲದಿಂದಲೇ ಬಂದವರು. ಅಲ್ಲಿಗೂ ಫೋನು ಹಿಡಿದು ಒಂದು ದಿನದ ಮಟ್ಟಿಗೆ ಹೋಗಿ ಬರಬೇಡ. ನಾಲ್ಕು ದಿನ ಜೊತೆಯಲ್ಲಿ ಕೂತು ಕೇಳು, ನುಡಿಸಿದವರಿಗೆ ಸಂಭಾವನೆ ಕೊಡು, ಹಾಡಿನ ಕೆಳಗೆ ಅವರ ಹೆಸರು ಬರೆ. ನಿನ್ನ ಸಹಿಯ ವಿಷಯದಲ್ಲೂ ಹುಷಾರಾಗಿರು: 2012ರ ತಿದ್ದುಪಡಿಯ ನಂತರ ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ ಸಂಗೀತ ರಚಿಸಿದವನ ರಾಯಲ್ಟಿಯ ಪಾಲನ್ನು ಕಾಪಾಡುತ್ತದೆಯಾದರೂ, ಒಪ್ಪಂದವನ್ನು ಓದುವ ಕೆಲಸ ನಿನ್ನದೇ.

ಹಾಡು ಮುಂದಿನ ತಿಂಗಳು ಹೊರಬರುತ್ತದೆಂದು ನಿನ್ನ ಅಪ್ಪ ಹೇಳಿದ. ಅಷ್ಟರೊಳಗೆ ಆ ಮೇಳದವರ ಹೆಸರು ಗೊತ್ತಾದರೆ ನನಗೆ ಬರೆದು ತಿಳಿಸು. ಐದನೆಯ ಸಲ ಕೇಳುವಾಗ ಅವರು ಯಾರೆಂದು ತಿಳಿದುಕೊಂಡು ಕೇಳುತ್ತೇನೆ.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ